ಕೃಷಿ ಕುರಿತ ಹಳೆಯ ಅಂಚೆಚೀಟಿಗಳನ್ನು ಲಕೋಟೆಯಿಂದ ಹಾಳಾಗದಂತೆ ಬಿಡಿಸುವುದು ಹೇಗೆ?

ಬಿಡಿಸಬೇಡಿ. ನೀರಿಗಂತೂ ಹಾಕಲೇಬೇಡಿ. ತಾತನ ಪೆಟ್ಟಿಗೆಯಲ್ಲಿ ಕಾಗದಗಳ ಕಟ್ಟು ಸಿಕ್ಕಿದೆ ಎಂದು ನೀವು ಬರೆದದ್ದು ಓದಿ ಎದೆ ಧಸಕ್ಕೆಂದಿತು. ಪಿಯುಸಿ ರಜೆಯಲ್ಲಿ ನನಗೂ ಹಾಗೇ ಸಿಕ್ಕಿತ್ತು.

ನಮ್ಮೂರು ಮಂಡ್ಯ ಕಡೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಪಹಣಿ, ಕಂದಾಯದ ರಸೀದಿ, ಸೆಣಬಿನ ದಾರದಲ್ಲಿ ಕಟ್ಟಿದ ಕಾಗದಗಳು. ಒಂದು ಲಕೋಟೆಯ ಮೇಲೆ 1968ರ ‘ಗೋಧಿ ಕ್ರಾಂತಿ’ ಅಂಚೆಚೀಟಿ ಇತ್ತು. 20 ಪೈಸೆಯದ್ದು. ಗೋಧಿ ತೆನೆ, ಜೊತೆಗೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಕಟ್ಟಡ. ಮೆಕ್ಸಿಕೋದ ಗಿಡ್ಡ ತಳಿಗಳು ಬಂದು, 1967-68ರಲ್ಲಿ ದೇಶದ ಗೋಧಿ ಬೆಳೆ ಸುಮಾರು 1.65 ಕೋಟಿ ಟನ್ ಮುಟ್ಟಿತ್ತು. ಅದರ ನೆನಪಿಗೆ ತಂದ ಚೀಟಿ ಅದು. ರಾಗಿಮುದ್ದೆ ಉಣ್ಣುವ ನಮ್ಮ ಮನೆಗೆ ಅದನ್ನು ಅಂಟಿಸಿ ಕಳಿಸಿದವರು ದೊಡ್ಡಪ್ಪ. ಆಗ ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದರು. ಹೊಸ ತಳಿಯ ಬೀಜ ತರ್ತೀನಿ, ಕೆರೆ ಕೆಳಗಿನ ಗದ್ದೆ ಖಾಲಿ ಬಿಡಿ ಅಂತ ತಾತನಿಗೆ ಬರೆದಿದ್ದರು.

ಆಲ್ಬಮ್‌ನಲ್ಲಿ ಬರೀ ಚೀಟಿ ಇದ್ದರೇ ಚೆಂದ ಅಂತ ನನ್ನ ತಲೆಯಲ್ಲಿ ಕೂತಿತ್ತು. ಲಕೋಟೆಯ ಮೂಲೆ ಕತ್ತರಿಸಿ, ಊಟದ ತಟ್ಟೆಗೆ ನೀರು ಹಾಕಿ ನೆನೆಸಿದೆ. ಸ್ವಲ್ಪ ಹೊತ್ತಿಗೆ ಚೀಟಿ ತಾನಾಗೇ ಜಾರಿ ಬಂತು. ಉಳಿದ ಲಕೋಟೆಯನ್ನು ಹಂಡೆ ಒಲೆಗೆ ಹಾಕಿದೆ.

ಅದೇ ನಾನು ಮಾಡಿದ ತಪ್ಪು. ಅಂಚೆಯ ಠಸ್ಸೆ ದುಂಡಗಿರುತ್ತೆ ಅಲ್ವಾ, ಅದು ಪೂರ್ತಿ ಚೀಟಿಯ ಮೇಲೇ ಬಿದ್ದಿರುವುದಿಲ್ಲ. ನನ್ನದರಲ್ಲಿ ಕಾಲು ಭಾಗ ಚೀಟಿಯ ಮೇಲೆ, ಮುಕ್ಕಾಲು ಲಕೋಟೆಯ ಮೇಲೆ ಬಿದ್ದಿತ್ತು. ಊರ ಹೆಸರು, ತಾರೀಕು, ತಿಂಗಳು ಎಲ್ಲ ಆ ಮುಕ್ಕಾಲಿನಲ್ಲೇ ಹೋಯಿತು. ಹಿಂಬದಿಯಲ್ಲಿ ನಮ್ಮೂರಿಗೆ ತಲುಪಿದ ದಿನದ ಠಸ್ಸೆ ಬೇರೆ ಇತ್ತು. ಅದೂ ಒಲೆಗೆ. ಈಗ ಚೀಟಿಯ ಮೇಲೆ ಉಳಿದಿರುವುದು ಒಂದು ಕಪ್ಪು ಕಮಾನು, ‘68’ ಎಂಬ ಅಂಕಿ. ದೊಡ್ಡಪ್ಪ ಕಾಗದದೊಳಗೆ ತಾರೀಕು ಹಾಕುತ್ತಿರಲಿಲ್ಲ. ಚೀಟಿ ಬಿಡುಗಡೆಯಾದದ್ದು ಜುಲೈನಲ್ಲಿ. ಹಾಗಾಗಿ ಜುಲೈಯಿಂದ ಡಿಸೆಂಬರ್ ಒಳಗೆ ಎಂದಷ್ಟೇ ಹೇಳಬಲ್ಲೆ. ಹೊಸ ಬೀಜ ಆ ಮಳೆಗಾಲಕ್ಕೇ ನಮ್ಮ ಗದ್ದೆಗೆ ಬಂತೋ, ಮುಂದಿನ ಬೇಸಿಗೆ ಬೆಳೆಗೋ ಗೊತ್ತಿಲ್ಲ. ಕೇಳೋಣವೆಂದರೆ ಈಗ ಇಬ್ಬರೂ ಇಲ್ಲ.

ಬಳಸದ ಚೀಟಿ ಕೊಳ್ಳುವುದೇ ವಾಸಿ ಅಲ್ವಾ ಅಂತ ಕೇಳಿದ್ದೀರಿ. ನಾನು ಒಪ್ಪಲ್ಲ. ಹೊಸದಾಗಿ ಹೊಳೆಯುವ ಚೀಟಿ ಅಂಚೆ ಇಲಾಖೆಯ ಕಥೆ ಹೇಳುತ್ತೆ. ಹಳ್ಳಿ ಮುಟ್ಟಿ ಬಂದದ್ದು ರೈತನ ಮನೆಯ ಕಥೆ ಹೇಳುತ್ತೆ. ಹೀಗೆ ಯಾವುದಾದರೂ ನೆನಪಿಗೆಂದು ತಂದ ಸ್ಮಾರಕ ಚೀಟಿಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ ಎಂಬ ಹಟವೂ ಬೇಡ. 1955ರ ಪಂಚವಾರ್ಷಿಕ ಯೋಜನೆ ಸರಣಿ ದಿನಬಳಕೆಯದ್ದು. ಅದರಲ್ಲಿ 3 ಪೈ (ಆಣೆ ಕಾಲದ ಚಿಲ್ಲರೆ) ಚೀಟಿಯ ಮೇಲೆ ಟ್ರ್ಯಾಕ್ಟರ್ ಇದೆ, 9 ಪೈ ಚೀಟಿಯ ಮೇಲೆ ಎತ್ತುಗಳು ನೀರೆತ್ತುವ ಬಾವಿ. ನಮ್ಮ ಕಪಿಲೆ! ಒಂದೇ ಸರಣಿಯಲ್ಲಿ ಎರಡೂ ಕಾಲ. ಅದನ್ನು ಬಿಟ್ಟು ಕೃಷಿಯ ಸಂಗ್ರಹ ಹೇಗಾಗುತ್ತೆ?

ಪೂರ್ತಿ ಲಕೋಟೆ ಇಲ್ಲದೆ, ಚೀಟಿ ಅಂಟಿದ ಕಾಗದದ ತುಂಡಷ್ಟೇ ಸಿಕ್ಕಿದ್ದರೆ ಅಂಥವನ್ನು ಬೇಕಾದರೆ ತಣ್ಣೀರಲ್ಲಿ ನೆನೆಸಿ. ಬಣ್ಣದ ಕಾಗದದ್ದನ್ನು ಬೇರೆ ತಟ್ಟೆಗೆ ಹಾಕಿ, ಇಲ್ಲದಿದ್ದರೆ ಬಣ್ಣ ಬಿಟ್ಟು ಎಲ್ಲವೂ ಕೆಡುತ್ತವೆ. ಬಿಳಿ ಹಾಳೆಯ ಮೇಲೇ ಒಣಗಿಸಿ, ನ್ಯೂಸ್‌ಪೇಪರ್ ಮೇಲೆ ಬೇಡ.

ಇವತ್ತು ಒಂದು ಕೆಲಸ ಮಾಡಿ. ಪ್ರತಿ ಲಕೋಟೆಯ ಹಿಂದೆ ಮುಂದೆ ಫೋಟೊ ತೆಗೆದಿಡಿ. ಠಸ್ಸೆ ಮಸುಕಾಗಿದ್ದರೆ ಇಲ್ಲೇ ಹಾಕಿ, ಯಾವ ಊರೆಂದು ಓದೋಕೆ ನಾನೂ ಪ್ರಯತ್ನ ಪಡ್ತೀನಿ.