ಡಿಕ್ಕಿಯೊಳಗಿನ ಚೂರಿ

ಬ್ಯಾಡಗಿಯ ಓದುಗರೊಬ್ಬರು ಬರೆಯುತ್ತಾರೆ: "ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಟೆಂಡರ್ ದಿನ ರಾತ್ರಿ ಹತ್ತು ದಾಟಿದ ಮೇಲೆ ರೊಕ್ಕದ ಚೀಲ ಹಿಡಿದು ಸ್ಕೂಟರ್ ಮೇಲೆ ಸಾಹುಕಾರರ ಮನೆಗೆ ಹೋಗಬೇಕು. ನಮ್ಮ ಭಾವ 12 ಅಂಗುಲದ ಚೂರಿ ಕೊಟ್ಟು, ಡಿಕ್ಕಿಯಲ್ಲಿ ಇಟ್ಟುಕೋ ಅಂದಿದ್ದಾರೆ. ಜೊತೆಗೆ ಒಂದು ಪೊಟ್ಟಣ ಖಾರಪುಡಿಯೂ ಇದೆ. ಇದು ಕಾನೂನಿಗೆ ಸರಿಯೇ? ಬಂದೂಕಿನ ಲೈಸೆನ್ಸ್ ಸಿಗುತ್ತದೆಯೇ? ಜೀವ ಉಳಿಸಿಕೊಳ್ಳುವ ಹಕ್ಕು ನಮಗಿಲ್ಲವೇ?"

ಹಕ್ಕು ಇದೆ ಮಾರಾಯರೇ, ನೀವು ತಿಳಿದದ್ದಕ್ಕಿಂತ ಹೆಚ್ಚೇ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮಿನವರೆಗೆ ಅದೇ ಮಾತು. ದರೋಡೆಕೋರ ಮೈಮೇಲೆ ಬಿದ್ದಾಗ ತಡೆಯಲು ಬೇರೆ ದಾರಿ ಇಲ್ಲದೆ ಅವನ ಪ್ರಾಣ ಹೋದರೂ ಅದು ಅಪರಾಧವಾಗದ ಸಂದರ್ಭ ಉಂಟು. ಗಂಡಾಂತರದಲ್ಲಿ ಇರುವವನು ತನ್ನ ಏಟನ್ನು ಬಂಗಾರದ ತಕ್ಕಡಿಯಲ್ಲಿ ತೂಗಿ ಕೊಡಬೇಕಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಹಳೆಯ ಮಾತು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಮತ್ತೆ ವಿಸ್ತಾರವಾಗಿ ಹೇಳಿದೆ. ಆದರೆ ಹೆದರಿಕೆ ಮುಗಿದಲ್ಲಿ ಹಕ್ಕೂ ಮುಗಿಯಿತು. ಕೆಳಗೆ ಬಿದ್ದವನಿಗೆ ಮತ್ತೆರಡು ಬಾರಿಸಿದರೆ, ಚೀಲ ಬಿಟ್ಟು ಓಡುವವನನ್ನು ಬೆನ್ನಟ್ಟಿ ಇರಿದರೆ, ಆರೋಪಿಯ ಜಾಗದಲ್ಲಿ ನೀವು ನಿಲ್ಲುತ್ತೀರಿ. ಆತ್ಮರಕ್ಷಣೆ ಎಂದು ತೋರಿಸಿಕೊಡುವ ಹೊರೆಯೂ ನಿಮ್ಮದೇ.

ನಿಮ್ಮ ಭಾವನ ಪಕ್ಷವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. 1857ರಲ್ಲಿ ಕಂಪನಿ ಸರಕಾರ ಹತ್ಯಾರ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ನಮ್ಮ ಪಕ್ಕದಲ್ಲೇ ಮುಂಡರಗಿ ಭೀಮರಾಯ, ನರಗುಂದದ ಬಾಬಾಸಾಹೇಬ ಎದ್ದರು. 1878ರ ಆಯುಧ ಕಾಯ್ದೆ ಯುರೋಪಿನವರಿಗೆ ವಿನಾಯಿತಿ ಕೊಟ್ಟು ನಮ್ಮವರ ಕೈ ಬರಿದು ಮಾಡಿತು. ಆ ಸಿಟ್ಟು ನ್ಯಾಯದ್ದೇ. ಆದರೆ ಹಲಗಲಿಯವರ ಹತ್ಯಾರು ಅವರ ದಿನದ ಕಸುಬಿನದು, ಕೈ ಪಳಗಿತ್ತು. ನಿಮ್ಮ ಕೈ ಪಳಗಿರುವುದು ಖಾತೆ-ಕಿರ್ದಿಯಲ್ಲಿ.

ಚೂರಿಯ ವಿಚಾರಕ್ಕೆ ಬನ್ನಿ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದು, ಅಡುಗೆ, ಒಕ್ಕಲುತನ, ಕಾರ್ಖಾನೆಯ ಕೆಲಸಕ್ಕೆಂದು ಮಾಡಿದ್ದಲ್ಲದಿದ್ದರೆ, 2016ರ ಆಯುಧ ನಿಯಮಗಳ ಪ್ರಕಾರ ಅದು ಆಯುಧ. ಅಧಿಸೂಚನೆ ಇರುವ ಪ್ರದೇಶದಲ್ಲಿ ಲೈಸೆನ್ಸ್ ಇಲ್ಲದೆ ಒಯ್ದು ಸಿಕ್ಕರೆ 1ರಿಂದ 3 ವರ್ಷ ಜೈಲು, ಮೇಲೆ ದಂಡ. ಹೊಲಕ್ಕೆ ಹೊರಟವನ ಕೈಯ ಕುಡಗೋಲು ಒಕ್ಕಲುತನದ್ದು. ಅದೇ ಕುಡಗೋಲು ರಾತ್ರಿ ಹತ್ತರ ಮೇಲೆ ಗುಮಾಸ್ತರ ಡಿಕ್ಕಿಯಲ್ಲಿ ಸಿಕ್ಕರೆ ನಾಕಾಬಂದಿಯ ಪೊಲೀಸರು ನಂಬುವುದು ಕಷ್ಟ. ಗಣೇಶನ ಮೆರವಣಿಗೆ, ಚುನಾವಣೆ ಹೊತ್ತಿನಲ್ಲಿ ನಿಷೇಧಾಜ್ಞೆ ಬಿದ್ದರೆ ಬಡಿಗೆ ಒಯ್ಯುವುದೂ ತಪ್ಪಾಗಬಹುದು.

ಕಾನೂನು ಅತ್ತ ಇರಲಿ. ಅಡ್ಡಗಟ್ಟಿದವನ ಮುಂದೆ ನೀವು ಗಾಡಿ ನಿಲ್ಲಿಸಬೇಕು, ಇಳಿಯಬೇಕು, ಕೀಲಿ ತೆಗೆದು ಸೀಟಿನ ಲಾಕಿಗೆ ಹಾಕಬೇಕು, ಸೀಟೆತ್ತಿ, ರೇನ್‌ಕೋಟಿನಡಿ ತಡಕಬೇಕು. ಅಷ್ಟರಲ್ಲಿ ಚೀಲ ಹೋಗಿರುತ್ತದೆ. ಹೋಗಿಲ್ಲ ಎಂದರೆ ಚೂರಿ ಅವನ ಕೈಯಲ್ಲಿರುತ್ತದೆ. ಸೊಂಟದಲ್ಲಿ ಇಟ್ಟುಕೊಂಡರೂ ಬೆವರಿದ ಮುಷ್ಟಿ ಹಿಡಿಯಿಂದ ಜಾರಿ, ತಡೆಗಟ್ಟಿಲ್ಲದ ಅಲಗು ಮೊದಲು ಕೊಯ್ಯುವುದು ನಿಮ್ಮದೇ ಬೆರಳನ್ನು.

ಬಂದೂಕಿಗೆ ಹಾವೇರಿಯ ಡಿ.ಸಿ. ಕಚೇರಿಗೆ ಅರ್ಜಿ ಹಾಕಬೇಕು. ಹುಬ್ಬಳ್ಳಿ-ಧಾರವಾಡದವರಾದರೆ ಪೊಲೀಸ್ ಕಮಿಷನರರಿಗೆ. 21 ವರ್ಷ ತುಂಬಿರಬೇಕು. ಎ-1 ನಮೂನೆ, ಸುರಕ್ಷಿತ ಬಳಕೆಯ ತರಬೇತಿ ಪತ್ರ, ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುವ ಮುಚ್ಚಳಿಕೆ, ಆಮೇಲೆ ಪೊಲೀಸ್ ವರದಿ. ಸಿಕ್ಕರೆ 5 ವರ್ಷಕ್ಕೆ. ಊರೊಳಗೆ ಪಿಸ್ತೂಲು ಒಯ್ಯುವುದಿದ್ದರೆ ಹೋಲ್ಸ್ಟರಿನಲ್ಲೇ ಇರಬೇಕು, ಝಳಪಿಸುವಂತಿಲ್ಲ. ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಠಾಣೆಗೆ ಜಮಾ. ಸಾಹುಕಾರರ ರೊಕ್ಕ ಕಾಯಲು ಗುಮಾಸ್ತರು ಇಷ್ಟೆಲ್ಲ ಹೊರಬೇಕೆ?

ಖಾರಪುಡಿಯ ಮಾತು ಓದಿ ನಗು ಬಂತು, ಕ್ಷಮಿಸಿ. ಬ್ಯಾಡಗಿಯಲ್ಲಿದ್ದು ಬ್ಯಾಡಗಿಯನ್ನೇ ಮರೆತಿರಿ! ನಮ್ಮ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಹೆಸರು ಮಾಡಿದ್ದು ಬಣ್ಣಕ್ಕೆ. ಖಾರದಲ್ಲಿ ಗುಂಟೂರಿನ ಹತ್ತಿರವೂ ಸುಳಿಯವು. ಯಾವ ಪುಡಿಯಾದರೂ ಕೈಯಿಂದ ಎರಚಿದರೆ ಎದುರುಗಾಳಿಗೆ ನಿಮ್ಮ ಕಣ್ಣಿಗೇ ಬರುತ್ತದೆ. ಪೆಪ್ಪರ್ ಸ್ಪ್ರೇ ವಾಸಿ, ಲೈಸೆನ್ಸ್ ಬೇಡ. ಇದನ್ನೂ ಡಿಕ್ಕಿಯಲ್ಲಿ ಇಡಬೇಡಿ. ಬಿಸಿಲಿನ ಕಾವಿಗೆ ಒತ್ತಡದ ಡಬ್ಬಿ ಸೋರುತ್ತದೆ, ಒಡೆದರೂ ಒಡೆದೀತು. ಅಂಗಿಯ ಜೇಬಿನಲ್ಲಿರಲಿ. ಅವಧಿಯ ತಾರೀಖು ನೋಡಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಒಮ್ಮೆ ಒತ್ತಿ ನೋಡಿ. ಎರಡು-ಮೂರು ಮೀಟರ್ ಒಳಗಿನಿಂದ ಕಣ್ಣಿಗೆ ಗುರಿ, ಒತ್ತಿದವರೇ ಪಕ್ಕಕ್ಕೆ ಸರಿದು ಓಡುವುದು. ಜಗಳಕ್ಕೆ ಬಳಸಿದರೆ ಅದೂ ಅಪಾಯದ ಆಯುಧವೇ ಆಗುತ್ತದೆ; 2024ರಲ್ಲಿ ಅಂಥದೊಂದು ಕೇಸು ರದ್ದು ಮಾಡಲು ನಮ್ಮ ಹೈಕೋರ್ಟೇ ಒಪ್ಪಲಿಲ್ಲ.

ಈ ಭಾವಂದಿರ ಕಾಟ ಬ್ಯಾಡಗಿಗಷ್ಟೇ ಅಲ್ಲ. ಹುಟ್ಟುಹಬ್ಬಕ್ಕೆ ತಲವಾರಿನಿಂದ ಕೇಕ್ ಕತ್ತರಿಸಿ, ಫೋಟೊ ಹಾಕಿ, ಮರುದಿನ ಠಾಣೆಯಲ್ಲಿ ಕೈಕಟ್ಟಿ ನಿಲ್ಲುವ ಹುಡುಗರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ಧಾರವಾಡ ಸೀಮೆಯ ಗರಡಿಮನೆಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ವರ್ಷಗಟ್ಟಲೆ ಸಾಮು ಮಾಡಿದವನಿಗೆ ಎದುರಾಳಿಯ ಮಣಿಕಟ್ಟು ಹಿಡಿದರೆ ಬಲ ಎಷ್ಟು ಎಂಬುದು ತಿಳಿಯುತ್ತಿತ್ತು, ಯಾವಾಗ ಹಿಂದೆ ಸರಿಯಬೇಕು ಎಂಬುದೂ. ಎಷ್ಟೋ ಗರಡಿಗಳ ಬಾಗಿಲಿಗೆ ಬೀಗ ಬಿತ್ತು. ಅಲಗು ಮಾತ್ರ ಮೊಬೈಲಿನಲ್ಲಿ ಒತ್ತಿದರೆ ಮನೆಗೆ ಬರುತ್ತದೆ. ಬೀದಿದೀಪ ಕೆಟ್ಟಿದೆ ಎಂದು ಪುರಸಭೆಗೆ ಒಂದು ಅರ್ಜಿ ಬರೆಯಲು ಯಾರಿಗೂ ಪುರಸೊತ್ತಿಲ್ಲ.

ನಿಮ್ಮ ಸಾಹುಕಾರರಿಗೆ ಈ ಪುಟ ತೋರಿಸಿ. ಆದಷ್ಟು ಪಾವತಿ ಬ್ಯಾಂಕಿನ ಮೂಲಕ ಆಗಲಿ. ಉಳಿದ ನಗದನ್ನು ಕತ್ತಲಾಗುವ ಮೊದಲು, ಇಬ್ಬರು ಕೂಡಿ, ದಿನಕ್ಕೊಂದು ದಾರಿಯಲ್ಲಿ ಸಾಗಿಸಲಿ. ಸಾಗಣೆಯ ರೊಕ್ಕಕ್ಕೂ ವಿಮೆ ಇದೆ. ಹೊತ್ತವರು ಯಾರು, ಎಷ್ಟು ಎಂಬ ಲೆಕ್ಕ ಬರೆದಿಟ್ಟಿರಬೇಕು, ಅದು ನಿಮಗೆ ಬರುವ ವಿದ್ಯೆಯೇ. ಅಡ್ಡಗಟ್ಟಿದರೆ ಚೀಲ ಬಿಸಾಡಿ, ಗಾಡಿ ತಿರುಗಿಸಿ, 112ಕ್ಕೆ ಫೋನು ಮಾಡಿ. ಚೂರಿಯನ್ನು ಭಾವನಿಗೆ ವಾಪಸ್ ಒಯ್ಯುವ ಗೋಜು ಬೇಡ, ಅವರನ್ನೇ ಮನೆಗೆ ಕರೆದು ಕೊಟ್ಟುಬಿಡಿ. ಖಾರಪುಡಿ ಇವತ್ತೇ ಅಡುಗೆಮನೆಗೆ ಹೋಗಲಿ. ಡಿಕ್ಕಿಯ ಕಾವಿಗೆ ಬಣ್ಣ ಇಳಿಯುತ್ತದೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

— ಸಂ.