ಸೇರ್ಪಡೆ ಶುಲ್ಕ ಯಾವುದಕ್ಕೆ ಅಂತ ಮೊದಲು ಕೇಳಿ

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರ ಇಷ್ಟು. ನಲವತ್ತು ದಾಟಿದ ಮೇಲೆ ಅವರಿಗೆ ಗಾಲ್ಫ್ ಹುಚ್ಚು ಹಿಡಿದಿದೆ. ಡ್ರೈವಿಂಗ್ ರೇಂಜ್‌ನಲ್ಲಿ ಬಕೆಟ್‌ಗಟ್ಟಲೆ ಚೆಂಡು ಹೊಡೆದು ಸಾಕಾಗಿ, ಕ್ಲಬ್ ಒಂದರಲ್ಲಿ ಮೆಂಬರ್‌ಶಿಪ್ ವಿಚಾರಿಸಿದರಂತೆ. ಸೇರ್ಪಡೆ ಶುಲ್ಕವೇ ಹಲವು ಲಕ್ಷ, ಅದನ್ನು ಕೊಡ್ತೀನಿ ಅಂದರೂ ವೇಟಿಂಗ್ ಲಿಸ್ಟ್. ಇಂಗ್ಲೆಂಡಿನಲ್ಲಿರುವ ಅವರ ಭಾವಮೈದ ಕೆಲವು ವರ್ಷಗಳ ಹಿಂದೆ ಒಂದು ಪೈಸೆ ಸೇರ್ಪಡೆ ಶುಲ್ಕ ಕಟ್ಟದೆ ಅಲ್ಲಿನ ಕ್ಲಬ್ ಸೇರಿದ್ದಾರೆ. "ಇದು ಹಗಲು ದರೋಡೆ ಅಲ್ವಾ? ನಾನು ಪರ್ಸನಲ್ ಲೋನ್ ಮಾಡಿ ಕಟ್ಟಲಾ, ಬಿಡಲಾ? ಮಗಳಿಗೂ ಆಸಕ್ತಿ ಇದೆ" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಸ್ವಾಮಿ, ದರೋಡೆ ಅನ್ನೋದು ಸ್ವಲ್ಪ ಜಾಸ್ತಿ ಆಯಿತು. ಆದರೆ ನಿಮ್ಮ ಸಿಟ್ಟು ಪೂರ್ತಿ ತಪ್ಪೂ ಅಲ್ಲ.

ಮೊದಲು ಕ್ಲಬ್‌ನವರ ಪರವಾಗಿ ಎರಡು ಮಾತು. ಗಾಲ್ಫ್ ಮೈದಾನ ನಡೆಸುವುದು ದುಬಾರಿ ಕೆಲಸ. ಹುಲ್ಲು ಕತ್ತರಿಸುವುದು, ನೀರು, ಗೊಬ್ಬರ, ಸಂಬಳ, ಇದೆಲ್ಲ ದಿನನಿತ್ಯದ ಖರ್ಚು. ಇದು ತಿಂಗಳ ಅಥವಾ ವರ್ಷದ ಚಂದಾದಿಂದ ಬರಬೇಕು. ಇನ್ನೊಂದು ಥರದ ಖರ್ಚು ಹತ್ತು ಹದಿನೈದು ವರ್ಷಕ್ಕೊಮ್ಮೆ ಬರುತ್ತದೆ. ಸ್ಪ್ರಿಂಕ್ಲರ್ ಪೈಪುಗಳನ್ನೆಲ್ಲ ಅಗೆದು ಬದಲಿಸಬೇಕು, ಗ್ರೀನ್‌ಗಳನ್ನು (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಹೊಸದಾಗಿ ಮಾಡಬೇಕು, ಕ್ಲಬ್‌ಹೌಸ್ ಸೋರುತ್ತಿರುತ್ತದೆ. ಹಳೆಯ ಸದಸ್ಯರು ತಮ್ಮ ಕಾಲದಲ್ಲಿ ಕೈಯಿಂದ ಹಾಕಿ ಇದನ್ನೆಲ್ಲ ಮಾಡಿಸಿದ್ದಾರೆ. ಇವತ್ತು ಒಳಗೆ ಬರುವವರು ಅದರಲ್ಲಿ ಒಂದು ಪಾಲು ಕೊಡಲಿ ಎಂದರೆ ಅದು ನ್ಯಾಯವೇ. ಹಾಗಾಗಿ ಸೇರ್ಪಡೆ ಶುಲ್ಕವೇ ಬೇಡ ಅನ್ನುವವರ ಜೊತೆ ನಾನಿಲ್ಲ.

ಆದರೆ ನಿಮಗೆ ಹೇಳಿದ ಮೊತ್ತದಲ್ಲಿ ಪೈಪಿನ ಪಾಲು ಎಷ್ಟು, ಬಾಗಿಲು ಕಾಯುವುದರ ಪಾಲು ಎಷ್ಟು? ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ನಿಮಿಷಕ್ಕೊಂದು ಗುಂಪು, ಗುಂಪಿಗೆ ನಾಲ್ಕು ಜನ. ಗಂಟೆಗೆ 24 ಜನ. ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಒಂದನೇ ಟೀಯಿಂದ (ಆಟ ಶುರುವಾಗುವ ಜಾಗ) ಹೊರಡಲು ಸಾಧ್ಯವಾಗುವುದು 72 ಜನಕ್ಕೆ ಮಾತ್ರ. ಹತ್ತನೇ ಹೋಲ್‌ನಿಂದಲೂ ಶುರು ಮಾಡಿಸಿದರೆ ಇನ್ನೊಂದಷ್ಟು ಜನ, ಅಷ್ಟೇ. ಕ್ಲಬ್‌ನಲ್ಲಿ ಸಾವಿರಾರು ಸದಸ್ಯರಿದ್ದರೆ ಅವರೆಲ್ಲರಿಗೂ ಬೇಕಾದದ್ದು ಅದೇ ಮೂರು ಗಂಟೆ. ಅಂದರೆ ಕೊರತೆ ನಿಜ, ಯಾರೋ ಹುಟ್ಟಿಸಿದ್ದಲ್ಲ. ಕೊರತೆ ಇದ್ದಲ್ಲಿ ಬೆಲೆ ಏರುತ್ತದೆ. ಬೆಂಗಳೂರಿನಲ್ಲಿ ನೀವು ಕಟ್ಟುವ ಲಕ್ಷಗಳಲ್ಲಿ ದೊಡ್ಡ ಭಾಗ ಈ ಕೊರತೆಯ ಬೆಲೆ, ಮತ್ತೆ ನಗರದ ನಡುವೆ ಇರುವ ನೆಲದ ಬೆಲೆ. ಆಟದ ಬೆಲೆ ಅದರಲ್ಲಿ ಕಡಿಮೆ.

ನಿಮ್ಮ ಭಾವಮೈದನ ಕಥೆಗೂ ಇದೇ ಉತ್ತರ. 1989ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ, ಗಾಲ್ಫ್ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ (ರಾಯಲ್ ಅಂಡ್ ಏನ್ಷಿಯಂಟ್) ಸಂಸ್ಥೆ, 2000ದ ಹೊತ್ತಿಗೆ ಬ್ರಿಟನ್‌ಗೆ ಇನ್ನೂ 700 ಗಾಲ್ಫ್ ಮೈದಾನ ಬೇಕಾಗುತ್ತದೆ ಎಂದು ವರದಿ ಕೊಟ್ಟಿತು. ರೈತರು, ಬಿಲ್ಡರ್‌ಗಳು, ಬ್ಯಾಂಕ್‌ನವರು ಎಲ್ಲರೂ ನುಗ್ಗಿದರು. ಮೈದಾನ ಜಾಸ್ತಿ ಆದವು, ಆಡುವವರು ಅಷ್ಟು ಬೆಳೆಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಕ್ಲಬ್‌ಗಳೇ ಸದಸ್ಯರನ್ನು ಹುಡುಕಿಕೊಂಡು ಹೋಗಬೇಕಾಯಿತು, ಸೇರ್ಪಡೆ ಶುಲ್ಕ ಒಂದೊಂದಾಗಿ ಮಾಯವಾಯಿತು. ಅದರಿಂದ ಹೊಸ ತಲೆನೋವು ಶುರುವಾಯಿತು. ಒಳಗೆ ಬರಲು ಏನೂ ಕೊಡದವನಿಗೆ ಹೊರಗೆ ಹೋಗಲೂ ಏನೂ ಅಡ್ಡಿ ಇಲ್ಲ. ಈ ವರ್ಷ ಇಲ್ಲಿ, ಮುಂದಿನ ವರ್ಷ ಪಕ್ಕದ ಕ್ಲಬ್ ನೂರು ಪೌಂಡ್ ಕಮ್ಮಿ ಮಾಡಿದರೆ ಅಲ್ಲಿ. ಬಜೆಟ್ ಮಾಡುವ ಖಜಾಂಚಿ ಪಾಡು ಕೇಳಬೇಡಿ! ಆಮೇಲೆ ಕೋವಿಡ್ ಬಂತು. ಇಂಗ್ಲೆಂಡಿನಲ್ಲಿ 2020ರ ಮೇ 13ಕ್ಕೆ ಗಾಲ್ಫ್‌ಗೆ ಮತ್ತೆ ಅನುಮತಿ ಸಿಕ್ಕಾಗ ಹೊರಗೆ ಆಡಬಹುದಾದ ಆಟಗಳೇ ಕಡಿಮೆ ಇದ್ದವು. ಜನ ಮುಗಿಬಿದ್ದರು. ಎಷ್ಟೋ ಕ್ಲಬ್‌ಗಳಲ್ಲಿ ವೇಟಿಂಗ್ ಲಿಸ್ಟ್ ಬಂತು, ಹಿಂದೆಯೇ ಸೇರ್ಪಡೆ ಶುಲ್ಕವೂ ವಾಪಸ್ ಬಂತು. ನಿಮ್ಮ ಭಾವಮೈದ ಪುಣ್ಯವಂತರು, ಬಾಗಿಲು ತೆರೆದಿದ್ದಾಗ ಹೋಗಿದ್ದಾರೆ, ಅಷ್ಟೇ.

ಅಲ್ಲಿಂದ ಕಲಿಯಬಹುದಾದ್ದು ಇದೆ. ಅನೇಕ ಬ್ರಿಟಿಷ್ ಕ್ಲಬ್‌ಗಳು ಸೇರ್ಪಡೆ ಶುಲ್ಕವನ್ನು ಮೂರು, ಐದು ವರ್ಷಕ್ಕೆ ಹಂಚಿ ಕಟ್ಟಿಸಿಕೊಳ್ಳುತ್ತವೆ, ಮೂವತ್ತರ ಒಳಗಿನವರಿಗೆ ಚಂದಾ ಕಡಿಮೆ ಇಡುತ್ತವೆ. ಕ್ಲಬ್ ಸೇರದೆ ಆಡುವವರಿಗೂ ಅಧಿಕೃತ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ) ಸಿಗಲಿ ಎಂದು ಇಂಗ್ಲೆಂಡ್ ಗಾಲ್ಫ್ ಸಂಸ್ಥೆ 2021ರಲ್ಲಿ ಐಗಾಲ್ಫ್ ಎಂಬ ವ್ಯವಸ್ಥೆ ತಂದಿತು.

ಈಗ ಸೇರ್ಪಡೆ ಹಣ ಅತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಜಪಾನ್ ನೋಡಿ. ಅಲ್ಲಿ ಬಹಳಷ್ಟು ಕ್ಲಬ್‌ಗಳು ಸೇರುವವರಿಂದ ದೊಡ್ಡ ಠೇವಣಿ ಪಡೆಯುತ್ತಿದ್ದವು. ನಮ್ಮ ಬೆಂಗಳೂರಿನ ಭೋಗ್ಯದ ಮನೆ ಇದ್ದ ಹಾಗೆ, ಬಡ್ಡಿ ಇಲ್ಲ, ಸಾಮಾನ್ಯವಾಗಿ ಹತ್ತು ವರ್ಷ ಆದ ಮೇಲೆ ಕೇಳಿದರೆ ಅಸಲು ವಾಪಸ್. ಆ ಹಣದಲ್ಲೇ ಮೈದಾನ ಕಟ್ಟುತ್ತಿದ್ದರು. ಸದಸ್ಯತ್ವವನ್ನು ಬ್ರೋಕರ್‌ಗಳ ಮೂಲಕ ಮಾರಬಹುದಿತ್ತು, ಷೇರಿನ ಹಾಗೆ ಅದರ ಬೆಲೆಗೆ ನಿಕ್ಕೇ ಪತ್ರಿಕೆಯ ಸೂಚ್ಯಂಕವೂ ಇತ್ತು. 1990ರ ಆಸುಪಾಸಿನಲ್ಲಿ ಟೋಕಿಯೊ ಹತ್ತಿರದ ಕೊಗಾನೆಯಿ ಕಂಟ್ರಿ ಕ್ಲಬ್‌ನ ಒಂದು ಸದಸ್ಯತ್ವ 40 ಕೋಟಿ ಯೆನ್ ಮುಟ್ಟಿತ್ತು. ಚೆಂಡು ಹೊಡೆಯುವ ಹಕ್ಕಿಗೆ! ಏರಿದ ಬೆಲೆಗಳ ಗುಳ್ಳೆ ಒಡೆದ ಮೇಲೆ ಜನ ಠೇವಣಿ ವಾಪಸ್ ಕೇಳಲು ಬಂದರು. ಹಣ ಎಲ್ಲಿದೆ? ಹುಲ್ಲಿನಡಿ ಹೋಗಿತ್ತು. ಸಾಲುಸಾಲಾಗಿ ಕ್ಲಬ್‌ಗಳು ದಿವಾಳಿ ಎದ್ದವು. ಗೋಲ್ಡ್‌ಮನ್ ಸ್ಯಾಕ್ಸ್, ಲೋನ್ ಸ್ಟಾರ್‌ನಂಥ ಅಮೆರಿಕದ ಹಣಕಾಸು ಕಂಪನಿಗಳು ಬಂದು ಅವುಗಳಲ್ಲಿ ಎಷ್ಟನ್ನೋ ಕೊಂಡುಕೊಂಡವು. ಠೇವಣಿ ಇಟ್ಟ ಸಾಮಾನ್ಯ ಸದಸ್ಯನಿಗೆ ಸಿಕ್ಕಿದ್ದು ಚಿಲ್ಲರೆ.

ನಮ್ಮಲ್ಲಿ ಸೇರ್ಪಡೆ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವ ಹಣವಲ್ಲ. ಮೇಲೆ ಶೇ. 18 ಜಿಎಸ್‌ಟಿ ಬೇರೆ. ಆದ್ದರಿಂದ ಕ್ಲಬ್ ದಿವಾಳಿ ಆಗುವ ಭಯ ಕಡಿಮೆ, ಆದರೆ ಇನ್ನೊಂದು ರೋಗದ ಭಯ ಜಾಸ್ತಿ. ಹೊಸಬರ ಹಣದಿಂದ ಹಳಬರ ಚಂದಾ ಕಡಿಮೆ ಇಡುವ ರೋಗ. ವಾರ್ಷಿಕ ಮಹಾಸಭೆಯಲ್ಲಿ ಚಂದಾ ಏರಿಸುವ ಮಾತು ಬಂದರೆ ಕಮಿಟಿಗೆ ಓಟು ಬೀಳುವುದಿಲ್ಲ. ಸೇರ್ಪಡೆ ಶುಲ್ಕ ಏರಿಸಿದರೆ ಯಾರೂ ಕೂಗಾಡುವುದಿಲ್ಲ, ಯಾಕೆಂದರೆ ಅದನ್ನು ಕಟ್ಟಬೇಕಾದವನು ಇನ್ನೂ ಗೇಟಿನ ಹೊರಗೇ ಇದ್ದಾನೆ, ಅವನಿಗೆ ಓಟಿಲ್ಲ. ಹೀಗೆ ವರ್ಷ ವರ್ಷ ಏರುತ್ತಾ ಹೋಗುತ್ತದೆ.

ದೆಹಲಿ ಜಿಮ್‌ಖಾನಾ ಕ್ಲಬ್ ಪ್ರಕರಣ ನೆನಪಿದೆಯಾ? ಗಾಲ್ಫ್ ಕ್ಲಬ್ ಅಲ್ಲ ಅದು, ಆದರೆ ವಿಷಯ ಇದೇ. ದಶಕಗಳ ಕಾಲ ಕಾಯುವ ಅರ್ಜಿದಾರರಿಂದ ನೋಂದಣಿ ಹಣ ಪಡೆದು, ಅದನ್ನು ಒಳಗಿನವರ ಸುಖಕ್ಕೆ ಬಳಸಿದರು ಎನ್ನುವುದು ಕೇಂದ್ರ ಸರ್ಕಾರದ ಆರೋಪಗಳಲ್ಲಿ ಒಂದಾಗಿತ್ತು. ಸದಸ್ಯರ ಮಕ್ಕಳು ಸರದಿ ತಪ್ಪಿಸಿ ಒಳಗೆ ಬರುತ್ತಾರೆ ಎನ್ನುವುದು ಇನ್ನೊಂದು. 2022ರ ಏಪ್ರಿಲ್‌ನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಆಡಳಿತಕ್ಕೆ 15 ನಿರ್ದೇಶಕರನ್ನು ನೇಮಿಸಲು ಸರ್ಕಾರಕ್ಕೆ ಅನುಮತಿ ಕೊಟ್ಟಿತು.

ಇಲ್ಲಿ ನನ್ನ ಖಚಿತ ಅಭಿಪ್ರಾಯ ಹೇಳಿಬಿಡುತ್ತೇನೆ. ಸ್ವಂತ ದುಡ್ಡಲ್ಲಿ ಸ್ವಂತ ಜಮೀನು ಕೊಂಡು ಮೈದಾನ ಮಾಡಿದವರು ಐವತ್ತು ಲಕ್ಷ ಕೇಳಲಿ, ಕೋಟಿ ಕೇಳಲಿ, ಅದು ಅವರ ವ್ಯವಹಾರ. ಕೊಡುವವರು ಕೊಡುತ್ತಾರೆ. ಆದರೆ ಸರ್ಕಾರದ ಜಮೀನನ್ನು ಗುತ್ತಿಗೆಗೆ ಪಡೆದ ಕ್ಲಬ್ ಅದೇ ಮಾತು ಆಡಲು ಆಗುವುದಿಲ್ಲ. ದೆಹಲಿ ಗಾಲ್ಫ್ ಕ್ಲಬ್ ಇರುವುದು ಸರ್ಕಾರದ ಗುತ್ತಿಗೆ ಜಮೀನಿನಲ್ಲಿ. ಇಂಥ ಕಡೆ ಲಕ್ಷಗಟ್ಟಲೆ ಶುಲ್ಕ ಹಾಕಿದರೆ ಕ್ಲಬ್ ಮಾರುತ್ತಿರುವುದು ಊರಿನವರೆಲ್ಲರ ನೆಲದ ಬೆಲೆಯನ್ನು. ಆ ಹಣ ಮಾತ್ರ ಊರಿಗೆ ಬರುವುದಿಲ್ಲ. ನೆಲ ಸಾರ್ವಜನಿಕರದ್ದಾದರೆ ಶುಲ್ಕ ಹಿಡಿತದಲ್ಲಿರಬೇಕು, ವಾರದ ದಿನಗಳಲ್ಲಾದರೂ ಗ್ರೀನ್ ಫೀ (ಒಂದು ಸುತ್ತು ಆಡುವ ಶುಲ್ಕ) ಕೊಟ್ಟು ಯಾರು ಬೇಕಾದರೂ ಆಡುವಂತಿರಬೇಕು.

ಇದು ಆಗದ ಮಾತು ಅನ್ನುವವರು ಸೇಂಟ್ ಆಂಡ್ರ್ಯೂಸ್ ಕಡೆ ನೋಡಲಿ. ಗಾಲ್ಫ್‌ನ ತವರು. ಅಲ್ಲಿನ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ, ಸಾರ್ವಜನಿಕರದ್ದು. 1974ರ ಕಾಯ್ದೆ ಪ್ರಕಾರ ಒಂದು ಟ್ರಸ್ಟ್ ನಡೆಸುತ್ತದೆ. ಪಕ್ಕದಲ್ಲಿ ಭಾರಿ ಕ್ಲಬ್‌ಹೌಸ್ ಇರುವ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿಗೂ ಆ ಹುಲ್ಲಿನ ಮೇಲೆ ಒಡೆತನ ಇಲ್ಲ. ಅಧಿಕೃತ ಹ್ಯಾಂಡಿಕ್ಯಾಪ್ ಇದ್ದು, ಬ್ಯಾಲೆಟ್‌ನಲ್ಲಿ (ಚೀಟಿ ಎತ್ತುವುದರಲ್ಲಿ) ಹೆಸರು ಬಂದರೆ ನಾನೂ ನೀವೂ ಆಡಬಹುದು. ಗ್ರೀನ್ ಫೀ ಕಮ್ಮಿಯೇನಲ್ಲ, ಆದರೆ ನಿಮ್ಮ ಹೆಸರು ಸೂಚಿಸುವ ಸದಸ್ಯ (ಪ್ರಪೋಸರ್) ಯಾರು, ಅನುಮೋದಿಸುವವರು (ಸೆಕೆಂಡರ್) ಯಾರು ಅಂತ ಯಾರೂ ಕೇಳುವುದಿಲ್ಲ.

ಲೆಕ್ಕಪತ್ರದ ಮಾತಿಗೆ ಒಂದು ಸ್ವಾರಸ್ಯದ ತೀರ್ಪು ನಮ್ಮ ಬೆಂಗಳೂರಿನದ್ದೇ ಇದೆ. ಸದಸ್ಯರು ತಮ್ಮ ಕ್ಲಬ್ಬಿಗೆ ಕೊಟ್ಟು ತಾವೇ ಬಳಸುವ ಹಣ ಆದಾಯ ಅಲ್ಲ, ಅದಕ್ಕೆ ಆದಾಯ ತೆರಿಗೆ ಇಲ್ಲ ಎನ್ನುವುದು ಹಳೆಯ ತತ್ವ. ಬೆಂಗಳೂರು ಕ್ಲಬ್ ತನ್ನ ಹೆಚ್ಚುವರಿ ಹಣವನ್ನು, ಸದಸ್ಯರೇ ಆಗಿದ್ದ ಬ್ಯಾಂಕ್‌ಗಳಲ್ಲಿ ಎಫ್‌ಡಿ ಇಟ್ಟಿತ್ತು. ಆ ಬಡ್ಡಿಗೂ ಈ ವಿನಾಯಿತಿ ಬೇಕು ಎಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. (ಅದೇ ತೀರ್ಪಿನ ಶುರುವಿನಲ್ಲಿ ನ್ಯಾಯಮೂರ್ತಿಗಳು, 1899ರಲ್ಲಿ 13 ರೂಪಾಯಿ ಬಾಕಿ ಉಳಿಸಿಕೊಂಡು ಹೋದ ಲೆಫ್ಟಿನೆಂಟ್ ಚರ್ಚಿಲ್ ಕಥೆಯನ್ನೂ ಹೇಳಿದ್ದಾರೆ. ಹೌದು, ಅದೇ ವಿನ್‌ಸ್ಟನ್ ಚರ್ಚಿಲ್.) ಸದಸ್ಯರ ಹಣ ಸದಸ್ಯರಿಗೇ ಸೌಕರ್ಯವಾಗಿ ವಾಪಸ್ ಬರಬೇಕು ಎನ್ನುವುದೇ ಆ ತತ್ವದ ಜೀವಾಳ. ಹಾಗಾದರೆ ನೀವು ಕಟ್ಟಲಿರುವ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ದರ್ಪ ಅಲ್ಲ.

ಆದ್ದರಿಂದ ಚೆಕ್ ಬರೆಯುವ ಮೊದಲು ಕ್ಲಬ್‌ನ ಆಯವ್ಯಯ ಪತ್ರ ಕೇಳಿ. ಪರಿಚಯದ ಸದಸ್ಯರಿದ್ದರೆ ಅವರ ಹತ್ತಿರ ವಾರ್ಷಿಕ ವರದಿ ಇರುತ್ತದೆ. ಸೇರ್ಪಡೆ ಶುಲ್ಕ ಬೇರೆ ನಿಧಿಗೆ ಹೋಗುತ್ತಿದೆಯೋ, ಸಂಬಳಕ್ಕೆ, ಬಾರ್ ರಿಯಾಯಿತಿಗೆ ಕರಗುತ್ತಿದೆಯೋ ಅದರಲ್ಲಿ ಗೊತ್ತಾಗುತ್ತದೆ. ಜಮೀನಿನ ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಪೇಪರಿನಲ್ಲಿ ಓದಿ ಬೆಚ್ಚಿಬೀಳುತ್ತಾರೆ. ಅರ್ಜಿ ಜೊತೆ ಕಟ್ಟುವ ಹಣ, ಸರದಿ ಬರುವ ಮೊದಲೇ ನೀವು ಬೇಡ ಅಂದರೆ ವಾಪಸ್ ಬರುತ್ತದೆಯೇ ಎನ್ನುವುದನ್ನು ಬರಹದಲ್ಲಿ ಪಡೆಯಿರಿ.

ಲೋನ್ ವಿಚಾರ: ಬೇಡ. ಪರ್ಸನಲ್ ಲೋನ್ ಬಡ್ಡಿ ಕಟ್ಟುತ್ತಾ ಪಟ್ ಮಾಡಿದರೆ (ಗುಳಿಯತ್ತ ಚೆಂಡು ತಳ್ಳಿದರೆ) ಒಂದೂ ಒಳಗೆ ಬೀಳುವುದಿಲ್ಲ. ಗ್ರೀನ್ ಫೀ ಕೊಟ್ಟು ಆಡಲು ಬಿಡುವ ಕಡೆ ಆಡುತ್ತಾ ಇರಿ. ವರ್ಷಕ್ಕೆ ಎಷ್ಟು ಸುತ್ತು ನಿಜವಾಗಿ ಆಡುತ್ತೀರಿ ಎಂದು ಬರೆದಿಟ್ಟುಕೊಳ್ಳಿ, ಆಮೇಲೆ ಭಾಗಾಕಾರ ಮಾಡಿ ನೋಡಿ. ಎಷ್ಟೋ ಜನರಿಗೆ ಸದಸ್ಯತ್ವ ಬೇಕಾಗಿರುವುದು ಆಟಕ್ಕಲ್ಲ, ವಿಸಿಟಿಂಗ್ ಕಾರ್ಡಿಗೆ. ನೀವು ಅಂಥವರಲ್ಲ ಅಂದುಕೊಂಡಿದ್ದೇನೆ.

ಮಗಳ ವಿಷಯದಲ್ಲಿ ಮಾತ್ರ ಕಾಯಬೇಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಅದಿತಿ ಅಶೋಕ್ ಐದನೇ ವಯಸ್ಸಿಗೆ ಆಟ ಶುರು ಮಾಡಿದ್ದು, ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಡ್ರೈವಿಂಗ್ ರೇಂಜ್ ಕಣ್ಣಿಗೆ ಬಿದ್ದು. ಜೂನಿಯರ್ ಕೋಚಿಂಗ್ ಎಲ್ಲೆಲ್ಲಿದೆ ಎಂದು ಈ ವಾರವೇ ವಿಚಾರಿಸಿ. ಮತ್ತೆ, ಕ್ಲಬ್ ಕಮಿಟಿಗಳಲ್ಲಿ ಇರುವ ಓದುಗರು ನಮ್ಮಲ್ಲಿ ಇದ್ದೀರಿ ಎಂದು ಗೊತ್ತು. ಸೇರ್ಪಡೆ ಶುಲ್ಕದ ಹಣ ನಿಮ್ಮಲ್ಲಿ ಯಾವುದಕ್ಕೆ ಖರ್ಚಾಗುತ್ತಿದೆ ಎಂದು ಬರೆಯಿರಿ, ಅಂಕಿ ಸಮೇತ ಬರೆದರೆ ಒಂದು ಅಕ್ಷರ ಕತ್ತರಿಸದೆ ಹಾಕುತ್ತೇವೆ.