ಪ್ರತಿ: ಬ್ರೆಜಿಲಿನ ರಾಕ್ ಗುಂಪು ಮುಟಾಂಟೆಸ್ ಇಷ್ಟ, ಆದರೆ ಅದರ ಕೀಬೋರ್ಡ್ ವಾದಕ ಅರ್ನಾಲ್ಡೊ ಬಪ್ಟಿಸ್ಟಾನ ‘ಲೋಕಿ?’ ಯಾಕೆ ಸಪ್ಪೆ?

ಬಹುಶಃ ಮುಟಾಂಟೆಸ್‌ನಲ್ಲಿ ಕೇಳಿದ, ಅರ್ನಾಲ್ಡೊನ ತಮ್ಮ ಸೆರ್ಜಿಯೊನ ಗಿಟಾರಿನ ಅಬ್ಬರವನ್ನೇ ನೀವು ಇಲ್ಲೂ ಹುಡುಕುತ್ತಿದ್ದೀರಿ. 1974ರ ಈ ಆಲ್ಬಂ ಪಿಯಾನೋದ್ದು. ಸಾವೊ ಪಾಲೊದ ಆ ತುಂಟ ಗುಂಪನ್ನು ಬಿಟ್ಟ, ಅದರ ಗಾಯಕಿಯೂ ತನ್ನ ಹೆಂಡತಿಯೂ ಆಗಿದ್ದ ರೀಟಾ ಲೀಯಿಂದ ದೂರವಾದ ಮನುಷ್ಯನ ಒಂಟಿತನ ಅದರಲ್ಲಿದೆ.

ಮೊದಲು 1968ರ ಮುಟಾಂಟೆಸ್ ಆಲ್ಬಂ ಇನ್ನೊಮ್ಮೆ ಹಾಕಿ, ಕೀಬೋರ್ಡಿಗಷ್ಟೇ ಕಿವಿಗೊಡಿ. ಆಮೇಲೆ ‘ಲೋಕಿ?’ಯ ಮೊದಲ ಹಾಡು. ಅದರ ಶೀರ್ಷಿಕೆಯ ಅರ್ಥ, ‘ನಾನು ಬೂಷ್ಟಾಗಿಹೋಗುತ್ತೇನಾ?’ ನಗು ಬರುತ್ತದೆ, ಮರುಗಳಿಗೆಯಲ್ಲೇ ಎದೆ ಹಿಂಡುತ್ತದೆ. ನನ್ನ ಪ್ರಕಾರ ಅವನ ಸೆಳೆತವೆಲ್ಲ ಅಲ್ಲೇ ಇರುವುದು. ನಂತರ ‘ಡೆಸ್ಕುಲ್ಪಿ’, ಅಂದರೆ ‘ಕ್ಷಮಿಸು’. ಹೆಡ್‌ಫೋನಿನಲ್ಲಿ, ಮಧ್ಯೆ ನಿಲ್ಲಿಸದೆ ಕೇಳಿ.

ನಿಮಗೂ ಹಿಡಿಸೀತೆಂದು ಖಾತ್ರಿ ಕೊಡಲಾರೆ. ನನಗೆ ಮೂರನೇ ಸಲಕ್ಕೆ ಹಿಡಿಯಿತು, ಅಷ್ಟು ಅವಕಾಶ ಕೊಟ್ಟು ನೋಡಿ.